ಬೇಲಿಯಾಚೆಯ ಕಾಡುಹುಂಜ

ಬೆಳಗಾದರೆ ಸಾಕು, ಕಾಡುಹುಂಜವೊಂದು ಬೆಟ್ಟದಿಂದಿಳಿದು ಪಕ್ಕದ ಮನೆ ಮಾದೇವಿಯ ಹಿತ್ತಲಿಗೆ ಬರುತ್ತಿತ್ತು. ನಾನು ಅಂಗನವಾಡಿಗೆ ಅಡುಗೆ ಮಾಡಲು ಹೊರಡುವವರೆಗೂ ಅವಳ ಕೋಳಿಗಳ ನಡುವೆಯೇ ಮೆರೆಯುತ್ತಿತ್ತು. ನಡುವೆ ಇದ್ದದ್ದು ಒಂದು ಕಳ್ಳಿಬೇಲಿ. ನಾನೂ ಕೋಳಿ ಸಾಕಿದ್ದೆ, ರಾಗಿ ಚೆಲ್ಲುತ್ತಿದ್ದೆ. ಅದು ಈ ಕಡೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ.

“ಅದೇನು ಹಾಕ್ತೀಯೇ ಅದಕ್ಕೆ?”

“ಏನಿಲ್ಲಕ್ಕ, ಒಂದು ಹಿಡಿ ನುಚ್ಚಕ್ಕಿ.”

ನುಚ್ಚಕ್ಕಿಯಂತೆ! ಕಾಡುಹುಂಜಕ್ಕೆ ಹುಟ್ಟಿದ ಮರಿ ಎಂದರೆ ಊರೇ ನೋಡಲು ಬರುತ್ತದೆ. ಅಂಥವು ಅವಳ ಅಂಗಳದಲ್ಲಿ ಓಡಾಡುವುದನ್ನು ನೆನೆದರೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಎರಡೂ ಮನೆಯ ಕೋಳಿಗಳು ಒಂದೇ ದಿನ ಕಾವಿಗೆ ಕೂತವು. ಅವಳು ನೀರಿಗೆ ಹೋದದ್ದೇ ತಡ, ನಾನು ಬೇಲಿ ನುಸುಳಿ, ಅವಳ ಕೋಳಿಯಡಿಯ ಹನ್ನೊಂದು ಮೊಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡು, ನನ್ನ ಕೋಳಿಯ ಹನ್ನೊಂದನ್ನು ಅಲ್ಲಿಟ್ಟು ಬಂದೆ.

ಮೊಟ್ಟೆ ಒಡೆದ ದಿನ ನನ್ನ ಬುಟ್ಟಿಯಲ್ಲಿ ಬರೀ ಹಳದಿ ಮರಿಗಳು. ಅಷ್ಟರಲ್ಲಿ ಮಾದೇವಿ ಬೇಲಿಯ ಹತ್ತಿರ ಓಡಿಬಂದಳು. ಅವಳ ಸೆರಗಿನ ತುಂಬ ಕಾಡುಕೋಳಿಯ ಕಪ್ಪುಗೆರೆ ಹೊತ್ತ ಮರಿಗಳು.

“ಇದೇನಕ್ಕ ಸೋಜಿಗ! ನಮ್ಮಲ್ಲಿ ನುಚ್ಚು ತಿಂದು, ನೀವು ಕೆಲಸಕ್ಕೆ ಹೋದ್ಮೇಲೆ ಆ ಹುಂಜ ಸಂಜೆಗಂಟ ನಿಮ್ಮ ಕೋಳಿ ಹಿಂದೇನೇ ಸುತ್ತುತಿತ್ತು. ಮರಿ ನೋಡಿದ್ರೆ ನಮ್ಮನೇಲಿ!”