ಡಬ್ಬಿಯ ಪಾಠ

"ಎಲ್ಲಿದೆ ಹೇಳು" ಎಂದಳು ಅಮ್ಮ.

ಮಗ ಕಿಟಕಿಯ ಕಡೆ ಮುಖ ತಿರುಗಿಸಿದ. ಮೇಜಿನ ಮೇಲೆ ತಗಡಿನ ಡಬ್ಬಿ, ಅದರ ಪಕ್ಕದಲ್ಲಿ ನಿಂಬೆಹಣ್ಣು. ಬೆಳಗಿನಿಂದ ಇಬ್ಬರೂ ಆ ಹಣ್ಣಿನ ಹಿಂದೆ ಬಿದ್ದಿದ್ದರು.

ಅಮ್ಮ ಹಣ್ಣನ್ನು ಡಬ್ಬಿಯೊಳಗೆ ಹಾಕಿದಳು. "ಇನ್." ತೆಗೆದು ಮುಚ್ಚಳದ ಮೇಲಿಟ್ಟಳು. "ಆನ್." ಡಬ್ಬಿಯನ್ನು ಬೋರಲು ಮಾಡಿ ಅದರಡಿ ತಳ್ಳಿದಳು. "ಅಂಡರ್." ಇಂಥವೇ ಇನ್ನೊಂದಿಷ್ಟು ಪದ ಬಿಟ್ಟರೆ ಅವಳ ಇಂಗ್ಲಿಷು ಅಲ್ಲಿಗೆ ಖಾಲಿ. ಆದರೆ ಆ ಅಷ್ಟು ಪದಗಳಲ್ಲಿ ಅವಳನ್ನು ಯಾರೂ ಅಲುಗಾಡಿಸುವಂತಿರಲಿಲ್ಲ.

"ಈಗ ನೀನು."

ಮಗ ಎಡಗೈ ಚಾಚಿದ.

"ಆ ಕೈ ಬೇಡ. ಬಲಗೈ."

ಅವನು ಡಬ್ಬಿಯನ್ನೇ ನೆಲಕ್ಕೆ ತಳ್ಳಿಬಿಟ್ಟ. ಅದು ಸದ್ದು ಮಾಡುತ್ತ ಉರುಳಿ ಗೋಡೆಗೆ ಬಡಿಯಿತು. ಅಮ್ಮ ಬೈಯಲಿಲ್ಲ. ಮೊಣಕಾಲು ಹಿಡಿದುಕೊಂಡು ಬಗ್ಗಿ ಎತ್ತಿದಳು, ತಂದು ಅಲ್ಲೇ ಇಟ್ಟಳು.

"ಹಠ ಮಾಡೋದು ನನಗೂ ಗೊತ್ತಪ್ಪ. ಎಲ್ಲಿದೆ ಹೇಳು."

ಸದ್ದು ಕೇಳಿ ಕೆಳಗಿನ ಮನೆಯ ದರ್ಜಿ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಬುದ್ಧಿಮಾತು.

"ಯಾಕೆ ಅವನಿಗೆ ಅಷ್ಟು ಹಿಂಸೆ ಕೊಡ್ತೀರಿ? ಬರದಿದ್ರೆ ಬೇಡ, ಬಿಡಿ. ಇಂಗ್ಲಿಷ್ ಬರದಿದ್ರೆ ಜೀವ ಹೋಗುತ್ತಾ?"

"ಇವನಿಗೆ ಹೋಗುತ್ತೆ" ಎಂದು ಅಮ್ಮ ಬಾಗಿಲು ಹಾಕಿದಳು.

ಕನಿಕರ ತೋರಿಸುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಆ ಉರಿ ಹಚ್ಚಿದವರು ಹೆಡ್‌ಮಾಸ್ಟರು. ಹೋದ ವಾರ ಬಂದು ಇದೇ ಕೋಣೆಯಲ್ಲಿ ಕೂತು, ಬಹಳ ಮೆತ್ತಗೆ ಮಾತಾಡಿ ಹೋಗಿದ್ದರು. "ನನಗೂ ಇವನನ್ನ ಕಂಡ್ರೆ ಪ್ರೀತಿ ಅಮ್ಮ. ಆದ್ರೆ ತರಗತಿಗೆ ಕಳಿಸಿದ್ರೆ ಮಕ್ಕಳು ನಗ್ತಾರೆ. ಮನೇಲೇ ಆರಾಮಾಗಿರಲಿ. ಸೋಮವಾರ ಇವನ ಜಾಗ ಬೇರೆಯವರಿಗೆ ಕೊಡ್ತೀನಿ."

"ಡಾಕ್ಟರು ಟೈಮ್ ಬೇಕು ಅಂದಿದ್ದಾರೆ."

"ಶಾಲೆ ಹತ್ರ ಟೈಮ್ ಎಲ್ಲಿದೆಯಮ್ಮ?"

"ಭಾನುವಾರ ಬನ್ನಿ. ನೀವೇ ಕೇಳಿ ನೋಡಿ. ಆಮೇಲೆ ಜಾಗದ ಮಾತು."

ಅಂದಿನಿಂದ ಮಗ ಊಟಕ್ಕೂ ಸರಿಯಾಗಿ ಕೂರುತ್ತಿರಲಿಲ್ಲ. ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದ. ಅವನನ್ನು ಹಾಗೆ ನೋಡುವುದು ಅಮ್ಮನಿಗೆ ಸಹಿಸಲಾಗದ ಸಂಕಟ. ಮೊದಲು ಒಗೆಯಲು ಅಂಗಿ ತೆಗೆದಾಗಲೆಲ್ಲ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಸಿಕ್ಕಿ, "ಶಾಲೆಯದ್ದೆಲ್ಲ ಮನೆಗೆ ತರ್ತೀಯ" ಎಂದು ಅವನನ್ನು ಗದರುತ್ತಿದ್ದಳು. ಈಗ ಅಂಥ ತುಂಡುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಜೋಪಾನ ಮಾಡಿದ್ದಳು.

ಭಾನುವಾರ ಹೆಡ್‌ಮಾಸ್ಟರು ಬಂದರು. ಡಬ್ಬಿ ನೋಡಿ ನಕ್ಕರು.

"ಇದೇನಮ್ಮ ಇದು? ನಿಮಗೆ ಇಂಗ್ಲಿಷ್ ಯಾರು ಕಲಿಸಿದ್ರು?"

"ಇವನೇ. ಶಾಲೆಯಿಂದ ಬಂದವನು ಅಡುಗೆಮನೇಲಿ ಕೂತು, ಇದೇ ಡಬ್ಬಿ ಇಟ್ಕೊಂಡು ನನಗೆ ಒಪ್ಪಿಸ್ತಿದ್ದ. ಅವನದ್ದನ್ನ ಅವನಿಗೇ ವಾಪಸ್ ಕೊಡ್ತಿದ್ದೀನಿ. ಕೇಳಿ ನೀವು."

ಹೆಡ್‌ಮಾಸ್ಟರು ಡಬ್ಬಿ ಮುಟ್ಟಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿದ್ದ ಪತ್ರಿಕೆಯ ಕೆಳಗೆ ಸರಿಸಿದರು. ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಮಗನ ತುಟಿ ಅಲುಗಿತು. ಸದ್ದು ಬರಲಿಲ್ಲ. ಅಮ್ಮ ಸೆರಗಿನ ತುದಿಯನ್ನು ಹಿಂಡುತ್ತ ನಿಂತಳು. ಹೇಳಿಕೊಡಲು ಬಾಯಿ ತುರಿಸುತ್ತಿತ್ತು, ಹಲ್ಲು ಕಚ್ಚಿಕೊಂಡಳು.

"ಸಾಕು ಬಿಡಿ ಅಮ್ಮ. ಯಾಕೆ ಸುಮ್ನೆ..." ಹೆಡ್‌ಮಾಸ್ಟರು ಎದ್ದರು.

ಕುರ್ಚಿ ಕಿರುಗುಟ್ಟಿತು. ಆದರೆ ಅದು ಅವರ ಕುರ್ಚಿಯಲ್ಲ. ಮಗ ಎದ್ದಿದ್ದ. ಮೇಜಿನ ಅಂಚು ಹಿಡಿದು ನಿಂತು, ಪತ್ರಿಕೆಯನ್ನು ಕಿತ್ತೆಸೆದ.

"ಅಂ...ಡರ್" ಎಂದ. ಪೆನ್ನು ಎತ್ತಿ ಹೆಡ್‌ಮಾಸ್ಟರ ಜೇಬಿಗೆ ತುರುಕಿದ. "ಇನ್. ಇನ್ ಯುವರ್ ಪಾಕೆಟ್."

ಆಮೇಲೆ ಬಲಗೈ ಮುಂದೆ ಚಾಚಿದ. ಅದು ನಡುಗುತ್ತಿತ್ತು, ಆದರೂ ಕೆಳಗಿಳಿಯಲಿಲ್ಲ. "ಚಾಕ್" ಎಂದ. "ಚಾಕ್... ಇನ್ ಮೈ ಹ್ಯಾಂಡ್."

ಅಮ್ಮ ಬಟ್ಟೆಯ ಗಂಟು ಬಿಚ್ಚಿದಳು. ಒಂದು ತುಂಡನ್ನು ಆ ಅಂಗೈಯಲ್ಲಿಟ್ಟಳು. ಬೆರಳುಗಳು ಒಂದೊಂದಾಗಿ ಮಡಚಿ ಅದನ್ನು ಹಿಡಿದವು. ಅವಳಿಗೆ ಅಳು ಬಂತು, ಆದರೆ ಹೆಡ್‌ಮಾಸ್ಟರ ಎದುರು ಅಳುವ ಜೀವ ಅದಲ್ಲ.

"ನಗೋ ಮಕ್ಕಳು ನಗಲಿ. ಜಾಗ ಇವನದ್ದೇ" ಎಂದಳು. "ನಾಳೆ ನಾನೇ ಕರ್ಕೊಂಡು ಬರ್ತೀನಿ."

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಎನ್ನಲಿಲ್ಲ.

ಸೋಮವಾರ ಅಮ್ಮ ಅವನ ಬಿಳಿ ಅಂಗಿಯ ಗುಂಡಿ ಹಾಕಿದಳು, ತಲೆ ಬಾಚಿದಳು, ಚೀಲ ತಾನೇ ಹೊತ್ತಳು. ಡಬ್ಬಿಯನ್ನು ಮಗ ಬಿಡಲಿಲ್ಲ, ಎದೆಗವಚಿಕೊಂಡಿದ್ದ. ತರಗತಿಯ ಬಾಗಿಲಲ್ಲಿ ಅವಳು ಅವನ ಕೈ ಬಿಟ್ಟಳು. ಅವನು ಗೋಡೆ ಹಿಡಿದು ಒಳಗೆ ಕಾಲಿಟ್ಟ. ಮಕ್ಕಳ ಗಲಾಟೆ ನಿಂತಿತು.

ಪಾರ್ಶ್ವವಾಯು ಮಾತನ್ನೂ ಬಲಗೈಯನ್ನೂ ಕಿತ್ತುಕೊಂಡ ಮೇಲೆ ಮೊದಲ ಸಲ ಒಳಗೆ ಬಂದ ತಮ್ಮ ಇಂಗ್ಲಿಷ್ ಮೇಷ್ಟರನ್ನು ಕಂಡು, ಬೆಂಚುಗಳಿಂದ ಅಷ್ಟೂ ಮಕ್ಕಳು ಎದ್ದು ನಿಂತರು: "ಗುಡ್ ಮಾರ್ನಿಂಗ್, ಸರ್."