ಹಸಿ ಮರದ ಸದ್ದು

ಮರದ ವ್ಯಾಪಾರಿ ಅಂಕಯ್ಯ ಜಾಲಿಮರದ ತುಂಡುಗಳನ್ನು ಗಾಡಿಯಿಂದ ಅಂಗಳಕ್ಕೆ ಎಸೆಯುತ್ತಿದ್ದ. ನಾಲ್ಕನೆಯದು ಬೀಳುತ್ತಲೇ ಮಹಬೂಬ್ ಬೀ ಬಾಗಿಲ ಪರದೆಯ ಹಿಂದಿನಿಂದ ಹಿರಿಯ ಬಡಗಿ ಮರಿಯಯ್ಯನನ್ನು ಕೂಗಿದಳು. “ಮರಿಯಣ್ಣ, ಇಳ್ಸೋದು ನಿಲ್ಸಾಕೆ ಹೇಳು. ಮರ ಹಸಿ ಐತೆ.”

ಅವಳ ಗಂಡ ಹುಸೇನ್ ತೀರಿಕೊಂಡು ಎರಡು ತಿಂಗಳಾಗಿತ್ತು. ಈ ಹೆಂಗಸು ಅವನ ಎತ್ತಿನಗಾಡಿ ಕಾರ್ಖಾನೆ ನಡೆಸಿಯಾಳೇ ಎಂದು ಮದ್ದೂರು ಇನ್ನೂ ಕಾದು ನೋಡುತ್ತಿತ್ತು. ಮಂಡ್ಯಕ್ಕೆ ಕಬ್ಬು ಸಾಗಿಸುವ ಗುತ್ತಿಗೆದಾರ ಚಲುವನಾರಾಯಣನಿಗೆ ಸೋಮವಾರದೊಳಗೆ ಹತ್ತು ಗಾಡಿ ಕೊಡಬೇಕಿತ್ತು. ಕೊಟ್ಟಿಗೆಯಲ್ಲಿದ್ದ ಒಣಮರ ಆರಕ್ಕಷ್ಟೇ ಸಾಕು.

ಅಂಕಯ್ಯ ನಕ್ಕ. “ಅಮ್ಮಾವ್ರು ಮರಾನೇ ನೋಡಿಲ್ವಲ್ಲ.”

“ಬಿದ್ದ ಸದ್ದು ಕೇಳುಸ್ತು ಕಣಣ್ಣ. ಇಪ್ಪತ್ತು ವರ್ಸದಿಂದ ಇಲ್ಲೇ ಕುಂತು ಕೇಳಿವ್ನಿ. ಒಣಮರ ಹಿಂಗೆ ದೊಪ್ಪಂತ ಬೀಳಾಕಿಲ್ಲ.”

ದಿನ ಕಮ್ಮಿ ಇದೆ, ಹೇಗೋ ಸಂಭಾಳಿಸೋಣ ಎಂದು ಮರಿಯಯ್ಯ ಗೊಣಗಿದ. ಆದರೂ ಒಂದು ತುಂಡಿಗೆ ಬಾಚಿಯಿಂದ ಆಳವಾಗಿ ಹೊಡೆದು, ಬಾಚಿಯ ಅಲಗನ್ನು ಬೆರಳಲ್ಲಿ ಸವರಿ ನೋಡಿದ. ಬೆರಳು ಒದ್ದೆಯಾಯಿತು. ಅಂಕಯ್ಯ ಮರವನ್ನು ಗಾಡಿಗೆ ಹೇರಿಕೊಂಡ. ಕೊಪ್ಪದಲ್ಲಿ ಹೋದ ವರ್ಷ ಕಡಿದಿಟ್ಟ ಮರವಿದೆ, ಅದನ್ನೇ ತರುತ್ತೇನೆಂದು ಹೇಳಿ ಹೊರಟ.

ಅಂದೇ ಅವಳು ಚಲುವನಾರಾಯಣನಿಗೆ ಹೇಳಿಕಳಿಸಿದಳು: ಸೋಮವಾರ ಆರು ಗಾಡಿ, ಉಳಿದ ನಾಲ್ಕು ಇಪ್ಪತ್ತು ದಿನಕ್ಕೆ. ಮಾರನೆಯ ಬೆಳಿಗ್ಗೆ ಅವನೇ ಬಂದು ಪರದೆಗೆ ಬೆನ್ನು ಹಾಕಿ ಕುರ್ಚಿ ಎಳೆದು ಕೂತು, ಮರಿಯಯ್ಯನ ಮೇಲೆ ಹರಿಹಾಯ್ದ. ಮಳವಳ್ಳಿಯಲ್ಲಿ ಹತ್ತನ್ನೂ ನಾಳೆಯೇ ಕೊಡುವವರಿದ್ದಾರಂತೆ.

“ತಕ್ಕೊಳಿ ಸ್ವಾಮಿ,” ಎಂದಳು ಮಹಬೂಬ್ ಬೀ, ದನಿ ಏರಿಸದೆ. “ಆದ್ರೆ ಮರ ಯಾವತ್ತು ಕಡಿದಿದ್ದು ಅಂತ ಕೇಳಿ. ಹಸಿ ಚಕ್ರ ಒಣಗಿ ಕುಗ್ಗಿದ್ರೆ ಕಬ್ಬಿಣದ ಪಟ್ಟಿ ಕಳಚ್ಕೊತದೆ. ಯುದ್ಧದ ಕಾಲ, ಪರ್ಮಿಟ್ಟಿನ ಕಬ್ಬಿಣ ನಮಗೆ ಸಿಕ್ಕಿರೋದು ಒಂದೇ ಸಲ, ಮತ್ತೆ ಪಟ್ಟಿ ಕಟ್ಟಾಕೆ ಸಿಗಾಕಿಲ್ಲ. ಕಡಿದ ಕಬ್ಬು ಹೇರ್ಕೊಂಡು ಗಾಡಿ ನಡುದಾರೀಲಿ ಕುಂತ್ರೆ, ಕಬ್ಬು ಒಣಗದೆ ಕಾಯ್ತದಾ? ಆರು ಗಾಡಿ ತಕ್ಕೊಂಡೋಗಿ. ಅವು ಮಧ್ಯ ನಿಲ್ಲಾಕಿಲ್ಲ, ಮಾತು ಕೊಡ್ತೀನಿ.”

ಚಲುವನಾರಾಯಣ ಎದ್ದು, ಸಿದ್ಧವಾಗಿದ್ದ ಚಕ್ರವೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಅದು ಟಣ್ಣೆಂದಿತು. ಇನ್ನೊಂದನ್ನೂ ತಟ್ಟಿದ.

ಬಳಿಕ ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಕೊಂಡು ಕೂತು, ಮುಂದಿನ ಸುಗ್ಗಿಯ ಗಾಡಿಗಳ ಮಾತು ತೆಗೆದ.