ಸೋರಿಕೆಯ ಮೂಲ

"ಸೋರಿಕೆ ಆಗಿದೆ. ಅದೂ ನಿಮ್ಮ ಕಡೆಯಿಂದ. ಹುಡುಗರ ಮಧ್ಯೆ ಹಬ್ತಾ ಇದೆ," ಎಂದರು ಕುಲಪತಿಗಳು ಫೋನಿನಲ್ಲಿ. ಮುಂದೇನು ಹೇಳುತ್ತಿದ್ದರೋ, ಪ್ರಯೋಗಾಲಯದ ಮುಖ್ಯಸ್ಥ ಕೇಳಿಸಿಕೊಳ್ಳಲಿಲ್ಲ. ಅವನ ಅಂಗೈ ಆಗಲೇ ಕೆಂಪು ಗುಂಡಿಯ ಮೇಲಿತ್ತು.

ಸೈರನ್ ಕಿರುಚಿಕೊಂಡಿತು. ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ವಿಶ್ವವಿದ್ಯಾಲಯದ ಅತಿ ಅಪಾಯದ ರೋಗಾಣುಗಳನ್ನು ಕೂಡಿಹಾಕಿದ್ದ ಆ ಕಟ್ಟಡದಿಂದ ಇನ್ನು ಸೊಳ್ಳೆಯೂ ಹೊರಹೋಗುವಂತಿರಲಿಲ್ಲ.

ವಿದ್ಯಾರ್ಥಿಗಳು ಬೆನ್ನ ಹಿಂದೆ ಅವನನ್ನು ಸೋಪಪ್ಪ ಎನ್ನುತ್ತಿದ್ದರು. ಕೈಕುಲುಕಿದವರ ಎದುರೇ ಕೈ ತೊಳೆಯುವ ಆಸಾಮಿ. ಒಳಗೆ ಹೋದ ಪೆನ್ನು ಕೂಡ ಹೊರಗೆ ಬರಕೂಡದೆಂದು ನಿಯಮ ಮಾಡಿದವನೂ ಅವನೇ. ಅಂಥವನ ಕಡೆಯಿಂದ ಸೋರಿಕೆ!

ಇನ್ನೊಬ್ಬರಿಗೆ ತನ್ನಿಂದ ತಗಲಬಾರದೆಂದು ತಲೆಯಿಂದ ಕಾಲಿನವರೆಗೆ ರಕ್ಷಾಕವಚ ತೊಟ್ಟ.

"ಸರ್, ಗಾಳಿಯ ಒತ್ತಡ ಸರಿಯಾಗಿದೆ. ಸೀಸೆಗಳೂ ಇದ್ದಲ್ಲೇ ಇವೆ," ಎಂದಳು ಸಹಾಯಕಿ.

"ರೋಗಾಣು ಸೀಸೆ ಹೊತ್ಕೊಂಡು ಹೋಗುತ್ತೇನಮ್ಮ?" ಎಂದು ರೇಗಿದ.

ಆಮೇಲೆ ಅವನಿಗೆ ಮನೆ ನೆನಪಾಯಿತು. ಬೆಳಿಗ್ಗೆ ಹೊರಡುವಾಗ ಮಗಳ ತಲೆ ಸವರಿದ್ದ. ನಾಳೆ ಪರೀಕ್ಷೆ ಇಟ್ಟುಕೊಂಡು ಹುಡುಗಿ ತಿಂಡಿಯನ್ನೂ ಮುಟ್ಟದೆ ಮಂಕಾಗಿ ಕೂತಿದ್ದಳು. ಇದ್ದೊಬ್ಬಳೇ ಮಗಳು! ಅವಳಿಗೆ ಫೋನ್ ಮಾಡಿದ.

"ಪುಟ್ಟಿ, ಹೆದರ್ಬೇಡ. ನಿಜ ಹೇಳು. ಯಾವಾಗಿಂದ ಇದು?"

ಆ ಕಡೆ ಅಳುವಿನ ಕಟ್ಟೆಯೊಡೆಯಿತು.

"ಗೊತ್ತಾಗ್ಹೋಯ್ತಾ ಅಪ್ಪ? ಮೊನ್ನೆಯಿಂದ. ನಿಮ್ಮ ಬ್ಯಾಗಿಗೆ ನಾನು ಕೈ ಹಾಕಬಾರದಿತ್ತು."

ಬ್ಯಾಗು! ಅದು ಪ್ರಯೋಗಾಲಯದ ಒಳಬಾಗಿಲು ದಾಟಿದ್ದೇ ಇಲ್ಲವೆಂಬುದು ಆ ಗಾಬರಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

"ನಿನ್ನಿಂದ ಯಾರಿಗೆ ಹೋಯ್ತು?"

"ಗೆಳತಿ ಒಬ್ಬಳಿಗೇ ಅಪ್ಪ, ಆಣೆಗೂ. ಅವಳಿಂದ ಇಡೀ ಹಾಸ್ಟೆಲ್ಲಿಗೆ."

"ಅಯ್ಯೋ ಕಂದ! ಚೆನ್ನಾಗಿ ನೀರು ಕುಡಿದು ಮಲ್ಕೋ. ತಪ್ಪು ನಿನ್ನದಲ್ಲ, ನನ್ನದು."

ಅಳು ಗಕ್ಕನೆ ನಿಂತಿತು. "ನಿಜವಾಗ್ಲೂ?"

ಅಷ್ಟರಲ್ಲಿ ಕುಲಪತಿಗಳು ಏದುಸಿರು ಬಿಡುತ್ತ ಮುಂಬಾಗಿಲಿನ ಗಾಜಿನಾಚೆ ಬಂದು ನಿಂತರು. ಹಿಂದೆ ಸಿಬ್ಬಂದಿಯೆಲ್ಲ ನೆರೆದಿತ್ತು. ಅವನು ಮೈಕಿನ ಗುಂಡಿ ಒತ್ತಿದ. ಮುಚ್ಚಿಟ್ಟರೆ ಮಗಳು ಉಳಿಯಬಹುದು, ಊರು ಉಳಿಯದು. ಹೇಳಲೇಬೇಕಿತ್ತು.

"ಮೂಲ ನನ್ನ ಮಗಳೇ ಸರ್. ನನ್ನ ಬ್ಯಾಗಿಂದ ಅವಳಿಗೆ, ಅವಳಿಂದ ಗೆಳತಿಗೆ, ಅಲ್ಲಿಂದ ಹಾಸ್ಟೆಲ್ಲಿಗೆ. ಅವಳನ್ನ ಎಲ್ಲರಿಂದ ದೂರ ಇಡಿ. ಆದ್ರೆ ಹೇಗಾದ್ರೂ ಉಳಿಸಿಕೊಡಿ."

ಕವಚದೊಳಗೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುವಂತಿರಲಿಲ್ಲ. ಆಚೆ ಕುಲಪತಿಗಳೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಸ್ವಂತ ಮಗಳನ್ನೇ ಹಿಡಿದುಕೊಟ್ಟ ತಂದೆಯನ್ನ ನಾನು ನೋಡಿರಲಿಲ್ಲ. ತನಿಖಾ ಸಮಿತಿಗೆ ಕೆಲಸವೇ ಇಲ್ಲದ ಹಾಗೆ ಮಾಡಿದ್ರಿ," ಎಂದರು ಗದ್ಗದರಾಗಿ. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆದ್ರೆ ಸೋರಿದ್ದು ನೀವು ತೆಗೆದ ನಾಳೆಯ ಪ್ರಶ್ನೆಪತ್ರಿಕೆ ತಾನೇ, ಅದಕ್ಕೆ ಈ ವೇಷ ಯಾಕೆ?"